ಮಗುಚಿ ಇಟ್ಟ ಅಜ್ಜ

ಫ್ರೇಮು ಹಾಕುವ ಕೆಲಸವೆಂದರೆ ನಾಲ್ಕು ಪಟ್ಟಿ ಕೊಯ್ದು, ಮೂಲೆ ಕೂಡಿಸಿ, ಗಾಜು ಕೂರಿಸುವುದು ಎಂದುಕೊಂಡು ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ಈ ಕೆಲಸದ ಸುಲಭದ ಭಾಗ. ಮೂಲೆ ಕೂಡದಿದ್ದರೆ ಮರದ ಪುಡಿ ಮೆತ್ತಿ ಮುಚ್ಚಬಹುದು. ಗಾಜು ಒಡೆದರೆ ಬೇರೆ ಗಾಜು ತರಬಹುದು. ಆದರೆ ಜನ ತಮ್ಮ ಮನೆಯ ಮುಖಗಳನ್ನು ತಂದು ನಿಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಅವು ಯಾರ ಮುಖಗಳೆಂದು ನಿಮಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಮುಖವನ್ನು ಜಾಗ್ರತೆಯಿಂದ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ನಾನು ಮೂಲ್ಕಿಯವನು, ಹೆಸರು ಸಂಜೀವ. ದೋಹಾದ ಬಿನ್ ಮಹಮೂದ್‌ನಲ್ಲಿರುವ ಒಂದು ಫ್ರೇಮಿನ ಅಂಗಡಿಗೆ ತಲೆಗೂದಲು ಕಪ್ಪಿದ್ದಾಗ ಸೇರಿದವನು, ಉಳಿದಷ್ಟು ಬೆಳ್ಳಗಾದ ಮೇಲೆ ಬಿಟ್ಟೆ. ಹೆಂಡತಿ ಪ್ರೇಮಾ ಇಲ್ಲಿಯೇ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಈಗ ನಾನು ಅವಳ ವೀಸಾದಲ್ಲಿದ್ದೇನೆ. “ಇನ್ನು ನೀವು ನನ್ನ ಡಿಪೆಂಡೆಂಟು, ಜಾಸ್ತಿ ಮಾತಾಡ್ಲಿಕ್ಕಿಲ್ಲ” ಎಂದು ಹೇಳಿ ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾಳೆ. ಮಾತಾಡಲಿಕ್ಕಿಲ್ಲದವನು ಬರೆಯಬಹುದಲ್ಲ! ಅಂಗಡಿಗೆ ಕಾರ್ಕಳದ ಕಡೆಯ ಇಬ್ಬರು ಹೊಸಬರು ಬಂದಿದ್ದಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನನಗಿಂತ ಚೆನ್ನಾಗಿ ಕೊಯ್ಯುತ್ತಾರೆ. ವಿಡಿಯೋದಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕೂತಿದ್ದೇನೆ.

ನನಗೆ ಕೆಲಸ ಕಲಿಸಿದವರು ಫೆಲಿಕ್ಸ್ ಮಾಸ್ಟ್ರು. ಕುಲಶೇಖರದ ಕಡೆಯವರು, ಮನೆಮಾತು ಕೊಂಕಣಿ, ಬೈಗುಳಕ್ಕೆ ಮಾತ್ರ ಎಲ್ಲ ಭಾಷೆಗಳನ್ನೂ ಇಟ್ಟುಕೊಂಡಿದ್ದರು. ಕೈ ಬಹಳ ಚುರುಕು. ಫ್ರೇಮಿನ ಹಿಂಬದಿಗೆ ಕಂದು ಟೇಪು ಅಂಟಿಸಿ ಮುಚ್ಚುವಾಗ, ಬೀಡಿ ಕಟ್ಟುವವರು ಎಲೆಯ ಬಾಯಿ ಮಡಚುವ ಹಾಗೆ ಪ್ರತಿ ಮೂಲೆಯನ್ನೂ ಒಳಕ್ಕೆ ಮಡಚುತ್ತಿದ್ದರು. ಇಡೀ ದೋಹಾದಲ್ಲಿ ಹಾಗೆ ಮಡಚುವವರು ಅವರೊಬ್ಬರೇ. ನನಗೆ ಎಷ್ಟು ಹೇಳಿಕೊಟ್ಟರೂ ಬರಲಿಲ್ಲ.

ಮೊದಲ ವರ್ಷದ ನನ್ನ ಒಂದು ಅವಾಂತರ ಕೇಳಿ. ಕುಂದಾಪುರದ ಕಡೆಯ ಒಬ್ಬ ಇಂಜಿನಿಯರು ತಮ್ಮ ತಂದೆಯ ದೊಡ್ಡ ಫೋಟೋ ಕೊಟ್ಟು ಹೋದರು. ಊರಿನಲ್ಲಿ ಮುದುಕರ ಫೋಟೋಕ್ಕೆ ಫ್ರೇಮು ಹಾಕಿಸುವುದು ಯಾವಾಗ? ನನ್ನ ತಲೆ ಆ ಕಡೆಗೇ ಓಡಿತು. ಅಂಗಡಿಯಲ್ಲಿದ್ದ ಗಂಧದ ಚಕ್ಕೆಯ ಮಾಲೆಯೊಂದನ್ನು ನನ್ನ ಕಡೆಯಿಂದ ಇರಲಿ ಎಂದು ಫೋಟೋಕ್ಕೆ ಹಾಕಿ, ಇಂಜಿನಿಯರು ಬಂದಾಗ ಸಣ್ಣ ದನಿಯಲ್ಲಿ “ಅಪ್ಪ ತೀರಿಕೊಂಡದ್ದು ಯಾವಾಗ?” ಎಂದು ಕೇಳಿದೆ. ಅವರ ಹಿಂದೆಯೇ ಫೋಟೋದ ಮುಖ ನಿಂತಿತ್ತು! ಮಗನ ಮನೆ ನೋಡಲು ವಿಸಿಟ್ ವೀಸಾದಲ್ಲಿ ಬಂದಿದ್ದ ಅಪ್ಪ, ಬಾಗಿಲ ಹತ್ತಿರ ಚಪ್ಪಲಿ ಬಿಚ್ಚುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮುದುಕರು ಪಟವನ್ನು ನೋಡಿ, ನನ್ನನ್ನು ನೋಡಿ, “ಹ್ವಾಯ್, ಮಾಲಿ ಈಗ್ಳೇ ಹಾಕ್ದ್ರಿ ಅಲ್ದಾ, ನಂಗೂ ಕಾಂಬುಕೆ ಸಿಕ್ತ್” ಎಂದು ನಕ್ಕರು. ಅವರು ನಕ್ಕದ್ದರಿಂದ ನಾನು ಬದುಕಿದೆ. ಫೆಲಿಕ್ಸ್ ಮಾಸ್ಟ್ರು ಮಾತ್ರ ಸಂಜೆವರೆಗೆ ಬೈದರು. “ಗೊತ್ತಿಲ್ಲದ್ದನ್ನ ಗೊತ್ತುಂಟು ಅಂತ ಮಾಡ್ಬೇಡ ಮಾರಾಯ. ಕೇಳು. ಬಾಯಿ ಕೊಟ್ಟದ್ದು ಎಂತಕ್ಕೆ ದೇವರು?”

ಇಷ್ಟು ಒಳ್ಳೆಯ ಮಾತು ಹೇಳಿದವರೇ ಮುಂದೆ ಏನು ಮಾಡಿದರು ಎನ್ನುವುದನ್ನು ಹೇಳಲಿಕ್ಕೆ ನನಗೆ ಈಗಲೂ ಮನಸ್ಸು ಬರುವುದಿಲ್ಲ.

ಅದಕ್ಕೆ ಮೊದಲು ಕೆಲಸದ ಒಂದು ಪದ್ಧತಿ ತಿಳಿದಿರಬೇಕು. ಫ್ರೇಮನ್ನು ಬಿಚ್ಚುವುದು ಹಿಂಬದಿಯಿಂದ. ಟೇಪು ಕೊಯ್ದು, ಹಿಂದಿನ ಹಲಗೆ ತೆಗೆದರೆ ಒಂದು ರಟ್ಟಿನ ಬೋರ್ಡಿನ ಬೆನ್ನು ಕಾಣುತ್ತದೆ. ಚಿತ್ರ ಇರುವುದು ಬೋರ್ಡಿನ ಆ ಕಡೆ, ಗಾಜಿನತ್ತ ಮುಖ ಮಾಡಿ. ಹಳೆಯ ಚಿತ್ರ ತೆಗೆದು ಹೊಸದು ಹಾಕುವಾಗ ಹೊಸ ಬೋರ್ಡು ಹಾಕಬೇಕು. ಆದರೆ ಈದ್ ಹತ್ತಿರ ಬಂದಾಗ ಅಂಗಡಿಯಲ್ಲಿ ಯುದ್ಧ. ಎಲ್ಲರಿಗೂ ನಾಳೆಯೇ ಬೇಕು. “ಯಲ್ಲಾ ಯಲ್ಲಾ” ಎಂದು ಗಿರಾಕಿಗಳು ಕೌಂಟರಿನ ಮೇಲೆ ಬೆರಳು ಕುಣಿಸುತ್ತಿರುತ್ತಾರೆ. ಆಗ ಕೆಲವು ಅಂಗಡಿಗಳಲ್ಲಿ ಒಂದು ಸುಲಭದ ದಾರಿ ಮಾಡಿಕೊಂಡಿದ್ದರು. ಹಳೆಯ ಬೋರ್ಡಿನ ಬೆನ್ನು ಸ್ವಚ್ಛವಾಗಿದೆಯಲ್ಲ, ಅದರ ಮೇಲೆಯೇ ಹೊಸ ಫೋಟೋ ಕೂರಿಸಿ, ಬೋರ್ಡನ್ನು ಮಗುಚಿ ಹಾಕಿಬಿಡುವುದು. ಹೊಸದು ಗಾಜಿನ ಕಡೆಗೆ, ಹಳೆಯದು ಗೋಡೆಯ ಕಡೆಗೆ. ಒಳಗೆ ಬರೀ ಕ್ಯಾಲೆಂಡರಿನ ಹಾಳೆ ಇದ್ದರೆ ಇದರಿಂದ ಯಾರಿಗೂ ನಷ್ಟವಿಲ್ಲ.

ನಮ್ಮ ಅಂಗಡಿಗೆ ಒಬ್ಬರು ಡಚ್ ಮೇಡಂ ಬರುತ್ತಿದ್ದರು. ಶಾಲೆಯಲ್ಲಿ ಟೀಚರು, ಮನೆ ಅಲ್ ಗರಾಫಾದಲ್ಲಿ. ಅವರ ಡ್ರೈವರು ಮೊಯ್ದಿನ್, ಫರಂಗಿಪೇಟೆಯ ಬ್ಯಾರಿ. ನಮ್ಮ ಅಂಗಡಿಯ ಹಿಂದಿನ ಬೀದಿಯ ಬ್ಯಾಚುಲರ್ ರೂಮಿನಲ್ಲಿ ಇರುತ್ತಿದ್ದ. ನನಗಿಂತ ಸಣ್ಣವನು, ನನ್ನನ್ನು ಸಂಜೀವಣ್ಣ ಎನ್ನುತ್ತಿದ್ದ. ಅವನು ಬಂದರೆ ಇಬ್ಬರೂ ತುಳುವಿನಲ್ಲಿ ಹರಟುತ್ತ ಕರಕ್ ಚಹಾ ಕುಡಿಯುತ್ತಿದ್ದೆವು. ನಗುವ ಮನುಷ್ಯ. ಮೇಡಂನ ಮಗಳನ್ನು ಶಾಲೆಗೆ ಬಿಡುವಾಗ ಅವಳಿಗೆ ತುಳು ಲೆಕ್ಕ ಕಲಿಸಿದ್ದ. ಆ ಹುಡುಗಿ ಒಂದು ದಿನ ನಮ್ಮ ಅಂಗಡಿಗೆ ಬಂದು “ಒಂಜಿ, ರಡ್ಡ್, ಮೂಜಿ” ಎಂದಾಗ ಫೆಲಿಕ್ಸ್ ಮಾಸ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ಹುಡುಗಿ ಬೆಳೆದು ಪದವಿ ಮುಗಿಸಿದ ವರ್ಷ ನಾನು ರಜೆಯಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಮೊಯ್ದಿನ್ ಇರಲಿಲ್ಲ.

“ಅವನು ಕಳ್ಳ ಮಾರಾಯ” ಎಂದರು ಮಾಸ್ಟ್ರು. “ಮೇಡಂದು ಹಳೆ ಪಿಕ್ಚರ್ ಎಲ್ಲಿಗೋ ದಾಟಿಸಿದ್ದಾನೆ. ವೀಸಾ ಕ್ಯಾನ್ಸಲ್, ಖಲಾಸ್.”

ನಾನು ನಂಬಲಿಲ್ಲ. ಕೇಳುತ್ತ ಹೋದ ಹಾಗೆ ವಿಷಯ ತಿಳಿಯಿತು. ಮೇಡಂನ ಮನೆಯಲ್ಲಿ ಅವರ ಅಜ್ಜನಿಂದ ಬಂದ ಒಂದು ಸಣ್ಣ ಚಿತ್ರವಿತ್ತಂತೆ. ಅವರ ದೇಶದ ಹೆಸರಾಂತ ಕಲಾವಿದನೊಬ್ಬ ನೂರಾರು ವರ್ಷಗಳ ಹಿಂದೆ ಮಾಡಿದ ಮುದುಕನ ಚಿತ್ರ. ಆ ಫ್ರೇಮು ಮಗಳಿಗೆ ಇಷ್ಟವೆಂದು, ಅದರಲ್ಲಿ ಅವಳ ಪದವಿ ಪ್ರದಾನದ ಫೋಟೋ ಹಾಕಿಸಿ, ಹಳೆಯ ಚಿತ್ರಕ್ಕೆ ಬೇರೆ ಒಳ್ಳೆಯ ಫ್ರೇಮು ಮಾಡಿಸುವ ಯೋಚನೆ ಮೇಡಂದು. ಫ್ರೇಮನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕಟ್ಟಿ ಮೊಯ್ದಿನ್ ಕೈಗೆ ಕೊಟ್ಟರು. “ಹೊಸದನ್ನು ಹಾಕಿಸು, ಹಳೆಯದನ್ನು ಜೋಪಾನವಾಗಿ ವಾಪಸ್ ತಾ” ಎಂದರು. ಈದ್‌ಗೆ ಮುಂಚಿನ ವಾರ. ಅವನು ಅಂಗಡಿಗೆ ತಂದುಕೊಟ್ಟು, ಸಂಜೆ ಬಂದು ಮಾಸ್ಟ್ರು ಕೊಟ್ಟ ಕಟ್ಟಿನಲ್ಲಿ ಎರಡೂ ಇವೆ ಎಂದುಕೊಂಡು ಬಿಚ್ಚದೆಯೇ ತೆಗೆದುಕೊಂಡು ಹೋದ. ಮನೆಯಲ್ಲಿ ಬಿಚ್ಚಿದರೆ ಮಗಳ ಫೋಟೋ ಇದೆ, ಮುದುಕ ಇಲ್ಲ.

ಮೇಡಂ ಅಂಗಡಿಗೆ ಫೋನ್ ಮಾಡಿ ಕೇಳಿದರು. ಫೆಲಿಕ್ಸ್ ಮಾಸ್ಟ್ರು ಹೇಳಿದ್ದು ಇಷ್ಟೇ: “ಹಳೆಯ ಚಿತ್ರಗಳನ್ನು ನಾವು ಬಂದವರ ಕೈಗೇ ಕೊಡುತ್ತೇವೆ ಮೇಡಂ. ನಮ್ಮಲ್ಲಿ ಏನೂ ಉಳಿಯುವುದಿಲ್ಲ.”

ಅಷ್ಟಕ್ಕೇ ಎಲ್ಲ ಮುಗಿಯಿತು. ಮೊಯ್ದಿನ್ ಅಲ್ಲಾಹನ ಮೇಲೆ ಆಣೆ ಹಾಕಿದನಂತೆ. ಹೊರಡುವ ಮುನ್ನ ಅವನ ರೂಮಿನವರೇ, ಒಟ್ಟಿಗೆ ಉಂಡವರೇ, ಅವನ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಕೊಡವಿ ನೋಡಿದರಂತೆ. ಪೊಲೀಸರಿಗೆ ಹೇಳದೆ ಬಿಟ್ಟದ್ದೇ ದೊಡ್ಡ ಉಪಕಾರ ಎಂದು ಮೇಡಂ ತಿಳಿದಿದ್ದರು. ಆಮೇಲೆ ಗಲ್ಫಿನಲ್ಲಿ ಅವನಿಗೆ ಇನ್ನೊಂದು ಕೆಲಸ ಸಿಗಲಿಲ್ಲ, ಹೆಸರು ಕೆಟ್ಟಿತ್ತು. ಊರಿನಲ್ಲಿ ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ಹಬ್ಬಕ್ಕೆ ನಾನೊಂದು ಮೆಸೇಜು ಹಾಕುತ್ತಿದ್ದೆ, ಅವನೊಂದು ಹಾಕುತ್ತಿದ್ದ. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಡಚ್ ಮೇಡಂ ಮಾತ್ರ ನಮ್ಮ ಅಂಗಡಿ ಬಿಡಲಿಲ್ಲ. ಪರಿಚಯದವರನ್ನೆಲ್ಲ ಕರೆತಂದರು. “ಇವರು ಪ್ರಾಮಾಣಿಕರು” ಎಂದು ನಮ್ಮ ಎದುರೇ ಹೇಳುತ್ತಿದ್ದರು. ಮಾಸ್ಟ್ರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದರು.

ವರ್ಷಗಳು ಹೋದವು. ಬಿಸಿ ಪ್ರೆಸ್ಸಿನಲ್ಲಿ ಎಲ್ಲವನ್ನೂ ರಟ್ಟಿಗೆ ಅಂಟಿಸುತ್ತಿದ್ದ ಕಾಲ ಹೋಗಿ, ಒದ್ದೆ ಮಾಡಿದರೆ ಬಿಟ್ಟುಬರುವ ತೆಳ್ಳನೆಯ ಜಪಾನಿ ಕಾಗದದ ಪಟ್ಟಿಗಳು ಬಂದವು. ಮೂಲೆ ಕೊಯ್ಯಲು ಕಂಪ್ಯೂಟರ್ ಮಿಷನ್ ಬಂತು. ಮಾಸ್ಟ್ರಿಗೆ ಕೈ ನಡುಕ ಶುರುವಾಗಿ, ಮೇಜಿನ ಕೆಲಸ ನನಗೆ ಬಿಟ್ಟು, ಅವರು ಕೌಂಟರಿನ ಹಿಂದೆ ಕುರ್ಚಿ ಹಾಕಿ ಕೂರುವಂತಾದರು. ಬೈಗುಳ ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿತ್ತು.

ನಾನು ನಿವೃತ್ತನಾಗುವ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ ಮೇಡಂ ಬಂದರು. ಮಗಳಿಗೆ ಮದುವೆಯಾಗಿತ್ತು. ಅದೇ ಫ್ರೇಮಿನಲ್ಲಿ ಪದವಿಯ ಫೋಟೋ ತೆಗೆದು ಮದುವೆಯ ಫೋಟೋ ಹಾಕಬೇಕು. ಇಂದೇ ಒಯ್ಯುತ್ತೇನೆ, ಕಾಯುತ್ತೇನೆ ಎಂದರು. ಅವರು ಗೋಡೆಗೆ ನೇತುಹಾಕಿದ ಪಟ್ಟಿಗಳ ಬಣ್ಣ ನೋಡುತ್ತ ನಿಂತರು. ನಾನು ಫ್ರೇಮನ್ನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟೆ. ಮೂಲೆಗಳಲ್ಲಿ ಒಳಕ್ಕೆ ಮಡಚಿದ ಟೇಪು. ಟೇಪು ಕೊಯ್ದು, ಮೊಳೆ ತೆಗೆದು, ಹಿಂದಿನ ಹಲಗೆಯನ್ನು ಎತ್ತಿದೆ.

ಬೋರ್ಡಿನ ಬೆನ್ನು ಕಾಣಬೇಕಾದ ಜಾಗದಲ್ಲಿ ಒಬ್ಬ ಮುದುಕ ಇದ್ದ.

ಕೈಯಲ್ಲಿದ್ದ ಹಲಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಂಗೈಯಷ್ಟು ಕಾಗದ. ಎತ್ತರದ ಟೊಪ್ಪಿ, ಗಡ್ಡ, ಒಂದರ ಮೇಲೊಂದು ಇಟ್ಟ ಕೈಗಳು. ಮೈಮೇಲಿನ ಅಂಗಿಗೆ ನಾಲ್ಕೈದು ಗೀರುಗಳನ್ನಷ್ಟೇ ಎಳೆದು ಬಿಟ್ಟಿದ್ದರು. ಮುಖಕ್ಕೆ ಮಾತ್ರ ಲೆಕ್ಕವಿಲ್ಲದಷ್ಟು ಗೀರುಗಳು, ಒಂದೊಂದೂ ಕೂದಲಿಗಿಂತ ಸಪೂರ. ಕಣ್ಣು ಕೆಳಗೆ ಮಾಡಿದ್ದ, ಹೇಳಬೇಕಾದ್ದನ್ನೆಲ್ಲ ಹೇಳಿ ಸುಸ್ತಾದವನ ಹಾಗೆ. ಸುತ್ತ ಕಾಗದದಲ್ಲಿ ತಗಡು ಒತ್ತಿದ ಗೆರೆ. ಹಿಂದಿನ ಅಗ್ಗದ ಹಲಗೆಯ ರಸ ತಾಗಿ ಕಾಗದವೆಲ್ಲ ಚಹಾ ಬಣ್ಣಕ್ಕೆ ತಿರುಗಿತ್ತು.

ಯಾರಿದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಯೋಚಿಸಿದ್ದು ಆ ಮುದುಕನನ್ನಲ್ಲ, ಮೊಯ್ದಿನ್‌ನನ್ನು. ಕೊಡವಿದ ಅವನ ಬಟ್ಟೆಗಳನ್ನು. ಇಷ್ಟು ವರ್ಷ ಕಳವಿನ ಮಾಲು ಮೇಡಂನ ಹಾಲ್‌ನ ಗೋಡೆಯಲ್ಲಿ, ಮಗಳ ಫೋಟೋದ ಬೆನ್ನಿಗೆ ಇತ್ತು. ಅವರು ದಿನಾ ಅದರ ಎದುರಿನ ಸೋಫಾದಲ್ಲಿ ಕೂರುತ್ತಿದ್ದರು.

“ಮೇಡಂ” ಎಂದೆ.

ಅವರು ಬಂದು ನೋಡಿದರು. ಮೊದಲು ಸಂತೋಷವೇ ಕಂಡಿತು ಮುಖದಲ್ಲಿ, ಸುಳ್ಳು ಹೇಳುವುದಿಲ್ಲ. “ನನ್ನ ಅಜ್ಜ ಕೊಟ್ಟ ಚಿತ್ರ” ಎಂದು ಕೈ ಚಾಚಿದರು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಮಸಿ ತುಂಬಿ ಒತ್ತಿದ್ದು ಇದು, ಎಂದು ಏನೇನೋ ಒಂದೇ ಉಸಿರಿಗೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಮಾತು ನಿಂತಿತು. ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ಒಂದೇ ಹೆಸರು ಹೇಳಿದರು: “ಮೊಯ್ದಿನ್.”

ಫೆಲಿಕ್ಸ್ ಮಾಸ್ಟ್ರು ಕುರ್ಚಿಯಿಂದ ಎದ್ದು ಬಂದರು. ಯಾವ ಅಂಗಡಿಯವರು ಮಾಡಿದ್ದು ಎಂದು ಬೈಯಲು ಬಾಯಿ ತೆರೆದವರು ಮೂಲೆಯ ಟೇಪನ್ನು ನೋಡಿದರು. ಬೆರಳಿನಿಂದ ಮುಟ್ಟಿ ನೋಡಿದರು.

“ಇದು ನಂದು” ಎಂದರು. “ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು... ಇದು ನನ್ನ ಕೈ.”

“ಮಾಸ್ಟ್ರೇ, ನೀವು ಈ ಚಿತ್ರ ನೋಡಲೇ ಇಲ್ವಾ?”

“ಇಲ್ಲ ಮಾರಾಯ. ಬೆಡ್‌ಶೀಟು ತೆಗೆದದ್ದೇ ಕವುಚಿ ಹಾಕಿ ಹಿಂದಿನಿಂದ ಬಿಚ್ಚಿದ್ದು. ಬೋರ್ಡು ಕ್ಲೀನ್ ಇತ್ತು. ಫೋಟೋ ಕೂರ್ಸಿದೆ, ಮಗುಚಿದೆ. ಈದ್ ರಶ್ಶು... ಆ ಕಡೆ ಎಂತ ಉಂಟು ಅಂತ ನೋಡಲೇ ಇಲ್ಲ.”

“ಮತ್ತೆ ಫೋನಲ್ಲಿ ಕೊಟ್ಟಿದ್ದೇವೆ ಅಂತ ಹೇಳಿದ್ದು?”

“ಕೊಡ್ತೇವೆ ಅಂತ ಹೇಳಿದ್ದು. ನಾವು ಯಾವಾಗ್ಲೂ ಕೊಡುವುದಲ್ವಾ?”

ಹುಡುಗರೇ, ಇದನ್ನು ಗಮನವಿಟ್ಟು ಓದಿ. ಅವರು ಸುಳ್ಳು ಹೇಳಿರಲಿಲ್ಲ. ನನಗೆ ಅದೇ ಭಯಂಕರವಾಗಿ ಕಂಡದ್ದು. ಆ ದಿನ ಏನಾಯಿತು ಎಂದು ಕೇಳಿದವರಿಗೆ ಅವರು ಅಂಗಡಿಯ ಪದ್ಧತಿ ಹೇಳಿದ್ದರು. ಆ ದಿನದ ಫ್ರೇಮನ್ನು ನೆನಪು ಮಾಡಿಕೊಳ್ಳಲು ಅರ್ಧ ನಿಮಿಷ ತೆಗೆದುಕೊಂಡಿರಲಿಲ್ಲ. ಆ ಮಾತಿನ ಮೇಲೆ ಒಬ್ಬ ಮನುಷ್ಯನ ಬದುಕು ಮಗುಚಿಬಿತ್ತು. ನನಗೆ ಅನ್ನ ಕೊಡುವ ವಿದ್ಯೆ ಕಲಿಸಿದವರ ಮೇಲೆ ನನಗೆ ಕೈಯೆತ್ತುವಷ್ಟು ಸಿಟ್ಟು ಬಂದದ್ದು ಅವತ್ತು ಮಾತ್ರ. ಎತ್ತಲಿಲ್ಲ. ಅವರು ಆಗಲೇ ಗೋಡೆ ಹಿಡಿದು ನೆಲಕ್ಕೆ ಕೂತಿದ್ದರು.

ಈಗ ಅಂಗಡಿಯಲ್ಲಿ ಯಾವ ಫ್ರೇಮು ಬಂದರೂ ಗಿರಾಕಿಯ ಎದುರೇ ಬಿಚ್ಚಿ, ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದು ಅವರ ಮೊಬೈಲಿಗೆ ಕಳಿಸುತ್ತಾರೆ. ಹಳೆಯ ಬೋರ್ಡನ್ನು ಮಗುಚಿ ಹಾಕಿದವನಿಗೆ ಅಂದೇ ಕೆಲಸ ಇಲ್ಲ. ಈ ಎರಡನ್ನೂ ಶುರು ಮಾಡಿದವನು ನಾನು. ಹೊಸಬರು “ಇದೆಲ್ಲ ಎಂತಕ್ಕೆ ಸರ್, ಟೈಮ್ ವೇಸ್ಟ್” ಎನ್ನುತ್ತಾರೆ. ಅವರಿಗೆ ಉತ್ತರ ಇದು.

ಆ ಬೆಳಿಗ್ಗೆ ಮೇಡಂ ನನ್ನ ಕಡೆ ತಿರುಗಿದರು. “ಅವನ ನಂಬರು ನಿಮ್ಮಲ್ಲಿ ಇದೆಯೇ?” ಎಂದರು. “ಈಗಲೇ ಮಾಡಿ. ನಾನು ಧೈರ್ಯ ಕಳೆದುಕೊಳ್ಳುವ ಮೊದಲು ಮಾಡಿ.”

ವಿಡಿಯೋ ಕಾಲ್ ಹಾಕಿದೆ. ಮೊಯ್ದಿನ್ ಟೆಂಪೋವನ್ನು ರಸ್ತೆಬದಿಗೆ ನಿಲ್ಲಿಸಿದ್ದ. ಗಡ್ಡ ನರೆತಿತ್ತು. ನನ್ನನ್ನು ನೋಡಿ ಹಿಂದಿನ ಹಾಗೆಯೇ ನಕ್ಕ. “ಎಂತ ಸಂಜೀವಣ್ಣ, ಹಬ್ಬ ಇಲ್ಲ ಎಂತ ಇಲ್ಲ, ಫೋನು?” ನನ್ನ ಪಕ್ಕ ಮೇಡಂ ಬಂದದ್ದೇ ತಡ, ನಗು ಹೋಯಿತು. ಸೀಟಿನಲ್ಲಿ ನೆಟ್ಟಗೆ ಕೂತ, ಡ್ಯೂಟಿಯಲ್ಲಿ ಇದ್ದವನ ಹಾಗೆ.

ನಾನು ತುಳುವಿನಲ್ಲಿ ಹೇಳಿದೆ. ಚಿತ್ರ ಸಿಕ್ಕಿದೆ, ಫ್ರೇಮಿನ ಒಳಗೇ ಇತ್ತು, ಅಂಗಡಿಯಲ್ಲಿ ಬೋರ್ಡು ಮಗುಚಿ ಹಾಕಿದ್ದು, ನಿನ್ನದೇನೂ ತಪ್ಪಿಲ್ಲ. ಅವನು ಕೇಳಿಕೊಂಡ. ಲಾರಿಯೊಂದು ಅವನ ಹಿಂದೆ ಹಾರ್ನ್ ಹಾಕುತ್ತ ಹೋಯಿತು.

ಮೇಡಂ ಅಳುತ್ತ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ವಾಪಸ್ ಬಾ, ವೀಸಾ ಮಾಡಿಸುತ್ತೇನೆ, ಎಲ್ಲರಿಗೂ ನಾನೇ ಹೇಳುತ್ತೇನೆ ಎಂದರು. ಅವನಿಗೆ ಇಂಗ್ಲಿಷ್ ಅಷ್ಟು ಅರ್ಥವಾಗುತ್ತಿತ್ತು. “ನೋ ಮೇಡಂ. ಮಾಫಿ ಮುಶ್ಕಿಲ್” ಎಂದ. ಪರವಾಗಿಲ್ಲ ಎಂದು ಇಲ್ಲಿಯ ಡ್ರೈವರುಗಳು ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಇಷ್ಟು ವರ್ಷವಾದ ಮೇಲೂ ಅವನ ಬಾಯಿಗೆ ಮೊದಲು ಬಂದದ್ದು ಅದೇ. ಫೆಲಿಕ್ಸ್ ಮಾಸ್ಟ್ರು ನೆಲದಲ್ಲಿ ಕೂತಲ್ಲಿಂದಲೇ “ಮೊಯ್ದಿನ್...” ಎಂದರು.

“ಸಂಜೀವಣ್ಣ, ಅದನ್ನೊಮ್ಮೆ ತೋರಿಸ್ತೀರಾ?” ಎಂದ ಮೊಯ್ದಿನ್.

“ಯಾವುದನ್ನು?”

“ಆ ಪಟವನ್ನು. ನಾನು ನೋಡಿಲ್ಲ ಅಲ್ವಾ?”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಬೆಡ್‌ಶೀಟಿನಲ್ಲಿ ಸುತ್ತಿದ್ದನ್ನು ತಂದವನು ಅವನು, ಸುತ್ತಿದ್ದನ್ನೇ ಒಯ್ದವನು. ಮೇಡಂನ ಹಾಲ್‌ಗೆ ಅವನು ಹೋಗುತ್ತಿರಲಿಲ್ಲ, ಅಡುಗೆಮನೆಯ ಬಾಗಿಲಿನಿಂದ ಬೀಗದ ಕೈ ತೆಗೆದುಕೊಳ್ಳುತ್ತಿದ್ದ. ಯಾವುದನ್ನು ಕದ್ದ ಎಂದು ಊರೆಲ್ಲ ಹೇಳಿತೋ, ಅದು ಏನೆಂದೇ ಅವನಿಗೆ ಗೊತ್ತಿರಲಿಲ್ಲ!

ಫೋನನ್ನು ಚಿತ್ರದ ಮೇಲೆ ಹಿಡಿದೆ. ಅವನು “ಸ್ವಲ್ಪ ಗಟ್ಟಿ ಹಿಡೀರಿ” ಎಂದ. ತುಂಬ ಹೊತ್ತು ನೋಡಿದ.

“ಇಷ್ಟೇ ಸಣ್ಣದಾ?” ಎಂದ. “ನಾನು ಬಣ್ಣದ್ದು ಅಂತ ಮಾಡಿದ್ದೆ. ರಾಜಂದೋ ರಾಣಿಯದ್ದೋ, ಬಂಗಾರ ಎಲ್ಲ ಇದ್ದದ್ದು. ಇದು ಬರೀ ಒಬ್ಬ ಅಜ್ಜ ಅಲ್ವಾ?”

“ಹೌದು ಮಾರಾಯ. ಒಬ್ಬ ಅಜ್ಜ.”

“ಪಟ ಹೇಗಿತ್ತು ಅಂತ ನನ್ನ ಉಮ್ಮನಿಗೂ ಹೇಳಲಿಕ್ಕೆ ನನಗೆ ಆಗಲಿಲ್ಲ. ಹುಷಾರಿಲ್ಲದೆ ಮಲಗಿದಾಗ ದಿನಾ ಕೇಳ್ತಿದ್ರು. ಕಡೆಗೆ ಮಾತು ನಿಲ್ಲುವ ಮೊದಲು ನನ್ನ ಕೈ ಹಿಡ್ಕೊಂಡು ಹೇಳಿದ್ದು ಅದೇ. ‘ಮೋನೇ, ಆ ಪಟ ಎಲ್ಲಿ ಇಟ್ಟಿದ್ದೀಯೋ, ಅವರಿಗೆ ವಾಪಸ್ ಕೊಟ್ಟುಬಿಡು.’ ಉಮ್ಮನೂ ನಂಬಿದ್ದು ಅವರನ್ನೇ, ಸಂಜೀವಣ್ಣ.”

ತಾಯಿಯ ಆ ಮಾತನ್ನೂ ಸೇರಿಸಿ ಇಷ್ಟನ್ನು ಅವನು ತುಳುವಿನಲ್ಲಿ ಹೇಳಿದ, ಅಳದೆ ಹೇಳಿದ. ಆಮೇಲೆ ಮರಳು ಇಳಿಸಲಿಕ್ಕೆ ಉಂಟು, ಜನ ಕಾಯ್ತಿದ್ದಾರೆ ಎಂದು ಫೋನ್ ಇಟ್ಟ.

ಮೇಡಂ ನನ್ನ ತೋಳು ಹಿಡಿದು ಕೇಳಿದರು, “ಕೊನೆಯಲ್ಲಿ ಅವನು ಏನು ಹೇಳಿದ?”

ಮಾಸ್ಟ್ರು ನೆಲದಿಂದ ತಲೆಯೆತ್ತಿ ನನ್ನನ್ನು ನೋಡಿದರು. ತುಳು ಅವರಿಗೆ ಬರುತ್ತಿತ್ತು, ಅವರು ಎಲ್ಲವನ್ನೂ ಕೇಳಿದ್ದರು. ಹೇಳಬೇಡ ಎನ್ನುವ ಹಾಗೆ ಒಂದು ಕೈ ಅಲ್ಲಾಡಿಸಿದರು.

ನಾನು ಹೇಳಿದೆ. ಒಂದೊಂದೇ ಮಾತನ್ನು ಇಂಗ್ಲಿಷಿಗೆ ಮಾಡಿ, ಏನೂ ಬಿಡದೆ, ಉಮ್ಮ ಹೇಳಿದ್ದನ್ನು ಉಮ್ಮ ಹೇಳಿದ ಹಾಗೆಯೇ ಹೇಳಿದೆ.